ಒಂಟಿ ಕಿವಿಯ ಕತ್ತೆಗೆ ನೀತಿ ಸಿಗಲಿಲ್ಲ

ಹೋದ ತಿಂಗಳು ಮಕ್ಕಳ ಕತೆ ಬರೆಯುವುದನ್ನು ಕಲಿಸುವ ಒಂದು ಶಿಬಿರಕ್ಕೆ ನನ್ನನ್ನು ಕರೆದಿದ್ದರು. ಕೆಲಸದಲ್ಲಿದ್ದಾಗ ಯಾರೂ ಕಿವಿಗೆ ಹಾಕಿಕೊಳ್ಳದ ಮಾತುಗಳನ್ನು ನಿವೃತ್ತನಾದ ಮೇಲೆ ಶಾಲು ಹೊದಿಸಿ ಕೇಳುತ್ತಾರೆ. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗಿ ಎದ್ದು ನಿಂತು, "ಸಾರ್, ಮಕ್ಕಳಲ್ಲಿ ಆತ್ಮಗೌರವ ಬೆಳೆಸೋ ಹಾಗೆ ಒಂದು ಮೃದುವಾದ ಕತೆ ಬರೀಬೇಕು ಅಂದ್ರೆ ಎಲ್ಲಿಂದ ಶುರು ಮಾಡ್ಬೇಕು?" ಎಂದು ಕೇಳಿದಳು.

ಈ ಪ್ರಶ್ನೆಗೆ ನನ್ನ ಹತ್ತಿರ ಯಾವಾಗಲೂ ಒಂದು ಉತ್ತರ ಸಿದ್ಧವಿರುತ್ತದೆ. ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದ ಹುಡುಗಿಯೊಬ್ಬಳಿಗೆ ನಾನು ಒಂಟಿ ಕಿವಿಯ ಕತ್ತೆಯ ಕತೆ ಬರೆದದ್ದು, ಕತೆ ಕೇಳಿದ ಮಾರನೆಯ ಬೆಳಿಗ್ಗೆಯೇ ಅವಳು ಬ್ಯಾಗು ಹೆಗಲಿಗೇರಿಸಿ ಹೊರಟದ್ದು, ಆಗ ಸಣ್ಣಗೆ ಮಳೆ ಹನಿಯುತ್ತಿದ್ದದ್ದು. ಮಳೆಯ ಜಾಗಕ್ಕೆ ಬಂದಾಗ ದನಿ ತಗ್ಗಿಸುತ್ತೇನೆ. ಆ ದಿನವೂ ತಗ್ಗಿಸಿದೆ. ಚಪ್ಪಾಳೆ ಬಿತ್ತು.

ಕೆಳಗಿಳಿದು ಬಂದರೆ ಹಿಂದಿನ ಸಾಲಿನಲ್ಲಿ ಫಿಲೋಮಿನಾ ಕೂತಿದ್ದರು. ನಮ್ಮ ಮಾಸಿಕಕ್ಕೆ ವರ್ಷಾನುಗಟ್ಟಲೆ ಚಿತ್ರ ಬರೆದವರು ಅವರು. ಶಾಲೆಗೆ ಹೋಗದಿದ್ದ ಆ ಹುಡುಗಿಯ ತಾಯಿಯೂ ಅವರೇ.

"ಚೆನ್ನಾಗ್ ಮಾತಾಡಿದ್ರಿ ಶಿವಣ್ಣ. ಆದ್ರೆ ಅಂಗೆಲ್ಲಾ ಆಗ್ಲೇ ಇಲ್ವಲ್ಲ."

"ಯಾವುದು ಆಗ್ಲಿಲ್ಲ?"

"ಮೊದಲ್ನೇದಾಗಿ, ಕತ್ತೆಗೆ ಇಲ್ದಿದ್ದದ್ದು ಎಡಗಿವಿ. ನೀವು ಬಲಗಿವಿ ಅಂದ್ಬುಟ್ರಿ."

"ಎರಡನೇದು?"

"ಎರಡನೇದು ಮನೆಗೆ ಬನ್ನಿ, ಕಾಫಿ ಕೊಟ್ಟು ಹೇಳ್ತೀನಿ. ಶಾಲು ಹೊದ್ಕೊಂಡಿರೋರ್ಗೆ ಜನದ ಮುಂದೆ ಹೇಳ್ಬಾರ್ದು."

ನಾನು ಓದಿದ್ದು ಮನಶ್ಶಾಸ್ತ್ರ. ನೆನಪು ಎನ್ನುವುದು ಪೆಟ್ಟಿಗೆಯೊಳಗಿಟ್ಟ ಫೋಟೋ ಅಲ್ಲ, ಪ್ರತಿ ಸಲ ತೆಗೆದಾಗಲೂ ನಾವು ಅದನ್ನು ಹೊಸದಾಗಿ ಬರೆಯುತ್ತೇವೆ ಎಂದು ನಮಗೆ ಪಾಠ ಮಾಡಿದ್ದರು. ಪರೀಕ್ಷೆಯಲ್ಲಿ ಅದನ್ನೇ ಬರೆದು ಅಂಕ ಗಿಟ್ಟಿಸಿದ್ದೆ. ಅಂದಿನಿಂದ ಎಲ್ಲರ ನೆನಪನ್ನೂ ಅನುಮಾನಿಸಿಕೊಂಡು ಬಂದಿದ್ದೇನೆ, ನನಗೆ ಚಪ್ಪಾಳೆ ತರುವ ಕತೆಗಳನ್ನು ಬಿಟ್ಟು. ಆದ್ದರಿಂದ ಶಿಬಿರದ ಆ ಹುಡುಗಿಯ ಪ್ರಶ್ನೆಗೆ ಈಗ ಮತ್ತೊಮ್ಮೆ, ಮಳೆಯಿಲ್ಲದೆ, ಉತ್ತರ ಬರೆಯುತ್ತಿದ್ದೇನೆ. ನಾನು ಉಪಸಂಪಾದಕನಾದದ್ದು, ಆಮೇಲೆ ಸಂಪಾದಕನಾದದ್ದು ಇದರಲ್ಲಿ ಬರುವುದಿಲ್ಲ. ಅದರಲ್ಲಿ ಓದುವಂಥದ್ದು ಏನೂ ಇಲ್ಲ.

ನಮ್ಮ ಮಾಸಿಕದ ಕಚೇರಿಯೂ ಅಚ್ಚುಕೂಟವೂ ಮಂಡಿ ಮೊಹಲ್ಲಾದಲ್ಲಿ, ಒಣಮೆಣಸಿನಕಾಯಿ ಸಗಟು ಅಂಗಡಿಯ ಮೇಲಿನ ಮಾಳಿಗೆಯಲ್ಲಿದ್ದವು. ಕೆಳಗೆ ಮೂಟೆ ಇಳಿಸುವ ದಿನ ಮೇಲೆ ಸಂಪಾದಕ ಮಂಡಳಿಯೆಲ್ಲ ಸೀನುತ್ತಿತ್ತು. ಹಾಸ್ಯ ಕತೆಯ ಪ್ರೂಫನ್ನೂ ಕಣ್ಣೀರು ಸುರಿಸುತ್ತಲೇ ತಿದ್ದುತ್ತಿದ್ದೆವು. ಹೊಸ ಲೇಖಕರು ಯಾರಾದರೂ ಆಗ ಬಂದರೆ ತಮ್ಮ ಕತೆ ಓದಿ ಕರಗಿಹೋಗಿದ್ದಾರೆ ಎಂದುಕೊಂಡು ಸಂತೋಷವಾಗಿ ಹಿಂದಿರುಗುತ್ತಿದ್ದರು.

ಸಂಪಾದಕರು ನಂಜುಂಡಯ್ಯನವರು. ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಕೃಷ್ಣಮೂರ್ತಿಪುರಂನಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಮೊದಲ ದಿನ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡರು.

"ಏನ್ ಓದಿದ್ದೀಯಪ್ಪಾ?"

"ಸೈಕಾಲಜಿ ಎಂ.ಎ. ಸಾರ್. ಮನಸ್ಸಿನ ಬಗ್ಗೆ."

"ಮಕ್ಕಳ ಮನಸ್ಸೋ, ದೊಡ್ಡೋರ ಮನಸ್ಸೋ?"

"ನಮಗೆ ಹೇಳಿಕೊಟ್ಟಿದ್ದು ಹೆಚ್ಚಾಗಿ ಇಲಿಗಳದ್ದು ಸಾರ್."

"ಸರಿ. ಹಾಗಾದ್ರೆ ಒಂದು ಇಲಿ ಕತೆ ಬರಿ."

ಅಂದಿನಿಂದ ನನ್ನ ಹೆಸರು 'ಸೈಕಾಲಜಿ' ಆಯಿತು.

ಈಗಿನವರಿಗೆ ವಿಚಿತ್ರವೆನಿಸುವ ಒಂದು ಕ್ರಮ ಅಲ್ಲಿತ್ತು. ಮೊದಲು ಚಿತ್ರ, ಆಮೇಲೆ ಕತೆ. ಚಿತ್ರ ಅಚ್ಚಾಗಬೇಕಾದರೆ ಅದನ್ನು ಸತುವಿನ ತಗಡಿನಲ್ಲಿ ಕೊರೆಸಿ, ಮರದ ತುಂಡಿಗೆ ಬಡಿದು ಬ್ಲಾಕು ಮಾಡಿಸಬೇಕಿತ್ತು. ಅದಕ್ಕೆ ಖರ್ಚು ಹೆಚ್ಚು. ಹೀಗಾಗಿ ಇರುವ ಬ್ಲಾಕುಗಳನ್ನೇ ಮತ್ತೆ ಮತ್ತೆ ಬಳಸುತ್ತಿದ್ದೆವು. ನಂಜುಂಡಯ್ಯನವರು ಪೆಟ್ಟಿಗೆಯಿಂದ ಒಂದು ಬ್ಲಾಕು ಎತ್ತಿ ಮೇಜಿನ ಮೇಲಿಟ್ಟು, "ಈ ತಿಂಗಳು ಇದು," ಎನ್ನುತ್ತಿದ್ದರು. ಆನೆ ಬಂದರೆ ಆನೆಯ ಕತೆ. ಮೊಸಳೆ ಬಂದರೆ ಮೊಸಳೆಯದು. ಒಂದು ಕತ್ತೆಯ ಬ್ಲಾಕಿತ್ತು. ಯಾವಾಗಲೋ ಕೆಳಗೆ ಬಿದ್ದು ಅದರ ಒಂದು ಕಿವಿ ಮುರಿದುಹೋಗಿತ್ತು. ಕಿವಿ ಮುರಿದ ಮೇಲೂ ಅದು ಎರಡು ಕಿವಿಯ ಕತ್ತೆಯಾಗಿ, ಒಮ್ಮೆ ಕುದುರೆಯಾಗಿ, ಬಹಳ ಇಕ್ಕಟ್ಟಿನಲ್ಲಿ ಒಮ್ಮೆ ಜಿಂಕೆಯಾಗಿಯೂ ದುಡಿಯಿತು.

ಇನ್ನೊಂದು ಕ್ರಮ ನೀತಿಯದು. ಪ್ರತಿ ಕತೆಯ ಕೆಳಗೆ ಒಂದು ಚೌಕ, ಅದರೊಳಗೆ ಒಂದು ಸಾಲಿನ ನೀತಿ. ಪ್ರತಿ ತಿಂಗಳೂ ಅದನ್ನು ಹೊಸದಾಗಿ ಜೋಡಿಸುವ ಶ್ರಮ ಬೇಡವೆಂದು ಅಚ್ಚುಮೊಳೆ ಜೋಡಿಸುವ ಕರೀಮ್ ಸಾಬರು ಹತ್ತಾರು ನೀತಿಗಳನ್ನು ಕಾಯಂ ಆಗಿ ಜೋಡಿಸಿ, ದಾರ ಕಟ್ಟಿ, ಒಂದು ತಟ್ಟೆಯಲ್ಲಿ ಇಟ್ಟಿದ್ದರು. ಹೂವಾಡಗಿತ್ತಿ ಮೊಳ ಹಾಕಿ ಕೊಡುವ ಹಾಗೆ ಜಾಗ ನೋಡಿ ನೀತಿ ಕೊಡುತ್ತಿದ್ದರು. ನನ್ನ ಮೊದಲ ಕತೆಯಲ್ಲಿ ಇಲಿ ಬೆಕ್ಕಿಗೆ ಸೊಗಸಾದ ಒಂದು ಸುಳ್ಳು ಹೇಳಿ ಬೋನಿನಿಂದ ಪಾರಾಗುತ್ತದೆ. ಅಚ್ಚಾಗಿ ಬಂದಾಗ ಕೆಳಗೆ, 'ನೀತಿ: ಸತ್ಯಕ್ಕೇ ಜಯ.'

ನಂಜುಂಡಯ್ಯನವರು ಹಣೆ ಚಚ್ಚಿಕೊಂಡರು. "ಇದೇನ್ರೀ ಸಾಬ್ರೇ, ಆ ಇಲಿ ಬದುಕಿದ್ದೇ ಸುಳ್ಳು ಹೇಳಿ!"

"ಆ ಜಾಗಕ್ಕೆ ಸರಿಯಾಗಿ ಕೂತಿದ್ದು ಅದೊಂದೇ ಸಾರ್," ಎಂದರು ಕರೀಮ್ ಸಾಬರು. "ಸುಳ್ಳಿಗೆ ಇನ್ನೂ ಒಂದು ಅಂಗುಲ ಜಾಗ ಬೇಕಾಗಿತ್ತು."

ಓದುಗರು ಯಾರೂ ಆಕ್ಷೇಪಿಸಲಿಲ್ಲ. ಒಬ್ಬ ಉಪಾಧ್ಯಾಯರಂತೂ ಮಕ್ಕಳಿಗೆ ಸತ್ಯದ ಮಹಿಮೆ ತಿಳಿಸಿದ್ದಕ್ಕಾಗಿ ಅಭಿನಂದಿಸಿ ಬರೆದಿದ್ದರು. ನೀತಿಯನ್ನು ಯಾರೂ ಕತೆಯ ಜೊತೆಗಿಟ್ಟು ಓದುವುದಿಲ್ಲ ಎಂದು ನಾನು ನಿರಾಳವಾದೆ. ಆದರೆ ಒಬ್ಬಳು ಓದುತ್ತಿದ್ದಳು.

ಅವಳೇ ಜೆಸ್ಸಿ. ಫಿಲೋಮಿನಾ ಅವರ ಮಗಳು, ಮೂರನೇ ಕ್ಲಾಸು. ಶಾಲೆ ಬಿಟ್ಟ ಮೇಲೆ ತಾಯಿಯ ಕೆಲಸ ಮುಗಿಯುವವರೆಗೂ ಕಾಗದದ ಬಂಡಲುಗಳ ಮೇಲೆ ಹತ್ತಿ ಕೂತು, ಹಸಿ ಪ್ರೂಫುಗಳನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದಳು. ಅಷ್ಟು ಹತ್ತಿರ ಹಿಡಿಯುವುದನ್ನು ಕಂಡೇ ಡಾಕ್ಟರರಿಗೆ ತೋರಿಸಿದ್ದು. ಒಂದು ಕಣ್ಣು ಕೆಲಸವನ್ನೆಲ್ಲ ಇನ್ನೊಂದಕ್ಕೆ ಬಿಟ್ಟು ಸುಮ್ಮನಿದೆ ಎಂದು ಡಾಕ್ಟರು ಹೇಳಿದರು. ಚೆನ್ನಾಗಿರುವ ಕಣ್ಣಿಗೆ ದಿನವಿಡೀ ಪಟ್ಟಿ ಅಂಟಿಸಬೇಕು, ಆಗ ಸುಮ್ಮನಿರುವ ಕಣ್ಣು ನೋಡಲು ಕಲಿಯುತ್ತದೆ. ಈ ವಯಸ್ಸಿನಲ್ಲಿ ಮಾಡದಿದ್ದರೆ ಆಮೇಲೆ ಏನು ಮಾಡಿದರೂ ಅಷ್ಟಕ್ಕಷ್ಟೇ.

ಪಟ್ಟಿ ಅಂಟಿಸಿಕೊಂಡು ಶಾಲೆಗೆ ಹೋದ ದಿನ ಮಕ್ಕಳು 'ಒಕ್ಕಣ್ಣಿ' ಎಂದರು. ಜೆಸ್ಸಿ ಪಟ್ಟಿಯನ್ನು ಕಿತ್ತು ಚರಂಡಿಗೆ ಎಸೆದು ಮನೆಗೆ ಬಂದಳು. ಇನ್ನು ಪಟ್ಟಿಯೂ ಇಲ್ಲ, ಶಾಲೆಯೂ ಇಲ್ಲ ಎಂದಳು. ದಿನಗಳು ಕಳೆದವು. ಅವಳು ಬಗ್ಗಲಿಲ್ಲ.

"ಬೈದೆ, ಹೊಡ್ದೆ, ಚರ್ಚಲ್ಲಿ ಮೇಣದಬತ್ತಿ ಹಚ್ಚಿ ಬೇಡ್ಕೊಂಡೆ," ಎಂದರು ಫಿಲೋಮಿನಾ, ಬರೆಯುತ್ತಿದ್ದ ಮೊಲಕ್ಕೆ ಕಣ್ಣು ಇಡದೆ ಕೈ ನಿಲ್ಲಿಸಿ. "ಪಟ್ಟಿ ಕಟ್ದೇ ಇದ್ರೆ ಕಣ್ಣು ಹೋಗ್ಬುಡ್ತದೆ ಶಿವಣ್ಣ. ನೀವು ಮನಸ್ಸಿನ್ ವಿಷ್ಯ ಓದ್ದೋರು ಅಂತೀರಲ್ಲ, ಏನಾದ್ರೂ ಮಾಡಿ."

"ನಾನು ಓದಿದ್ದು ಇಲಿಗಳದ್ದು ಫಿಲೋಮಿನಾ ಅವ್ರೇ."

"ಹಂಗಾದ್ರೆ ಒಂದು ಕತೆನಾದ್ರೂ ಬರೀರಿ. ಅದಕ್ಕಾದ್ರೂ ಸಂಬಳ ತಗೊತೀರಲ್ಲ."

ನಾನು ಪೆಟ್ಟಿಗೆಯಿಂದ ಒಂಟಿ ಕಿವಿಯ ಕತ್ತೆಯನ್ನು ಎತ್ತಿಕೊಂಡೆ. ಆ ಸಲ ಅದನ್ನು ಯಾರೂ ನನ್ನ ಮೇಜಿನ ಮೇಲೆ ಇಡಲಿಲ್ಲ.

ಮೊದಲ ಕತೆಯಲ್ಲಿ ಕತ್ತೆ ಕಿವಿಯಿಲ್ಲವೆಂದು ಅಳುತ್ತದೆ, ವನದೇವತೆ ಬರುತ್ತಾಳೆ, ಕಿವಿ ಮತ್ತೆ ಬೆಳೆಯುತ್ತದೆ. ಬಂಡಲಿನ ಮೇಲೆ ಕೂತಿದ್ದ ಜೆಸ್ಸಿಗೆ ಓದಿ ಹೇಳಿದೆ.

"ಕತ್ತೆ ನೋಡಿದೀರಾ ಅಂಕಲ್?" ಎಂದಳು.

"ನೋಡ್ದೇ ಏನು? ನಮ್ಮೂರು ಮಂಡಕಳ್ಳೀಲಿ ಬೇಕಾದಷ್ಟಿದ್ವು."

"ಯಾವ್ದಕ್ಕಾದ್ರೂ ಕಿವಿ ಹೋಗಿ ಬಂದಿತ್ತಾ?"

"...ಇಲ್ಲ."

"ಮತ್ತೆ?"

ಎರಡನೆಯದನ್ನು ಬಹಳ ಯೋಚಿಸಿ ಬರೆದೆ. ಇದರಲ್ಲಿ ಕಿವಿ ಬೆಳೆಯುವುದಿಲ್ಲ. ಬದಲಿಗೆ ಉಳಿದ ಒಂದು ಕಿವಿಯೇ ಚುರುಕಾಗುತ್ತದೆ. ಊರಿಗೆ ಕಳ್ಳ ಬರುವ ಸಪ್ಪಳ ಅದಕ್ಕೊಂದಕ್ಕೇ ಕೇಳಿಸುತ್ತದೆ, ಅದು ಕೂಗುತ್ತದೆ, ಊರು ಉಳಿಯುತ್ತದೆ. ನಗುತ್ತಿದ್ದವರೆಲ್ಲ ಬಂದು ಹಾರ ಹಾಕುತ್ತಾರೆ. ಓದುತ್ತ ನನಗೇ ಕಣ್ಣಲ್ಲಿ ನೀರು ಬಂತು. ಕೆಳಗೆ ಮೆಣಸಿನಕಾಯಿ ಮೂಟೆ ಇಳಿಯುತ್ತಿದ್ದದ್ದೂ ಇರಬಹುದು.

ಜೆಸ್ಸಿ ಸ್ವಲ್ಪ ಹೊತ್ತು ಕಾಲಾಡಿಸಿದಳು. "ಕಳ್ಳ ಬರ್ದೇ ಹೋಗಿದ್ರೆ?"

"ಅಂದ್ರೆ?"

"ಕಳ್ಳ ಬರ್ದೇ ಇದ್ದಿದ್ರೆ ಕತ್ತೇನ ಬೈಕೊಂಡೇ ಇರ್ತಿದ್ರಾ?"

ನಾನು ಕತೆಯ ಹಾಳೆಯನ್ನು ಇನ್ನೊಮ್ಮೆ ನೋಡಿದೆ. ಅವಳೇ ಮತ್ತೆ, "ಹೋದ ತಿಂಗ್ಳು ನಿಮ್ ಬುಕ್ಕಲ್ಲಿ 'ಸೋಮಾರಿಗೆ ಸುಖವಿಲ್ಲ' ಅಂತ ಹಾಕಿದ್ರಲ್ಲ. ಡಾಕ್ಟ್ರು ನನ್ ಕಣ್ಣು ಸೋಂಬೇರಿ ಅಂದ್ರು. ಅದು ಬೇಕು ಅಂತ ಮಾಡ್ತಿಲ್ಲ ಅಂಕಲ್," ಎಂದಳು.

ಅಲ್ಲಿಯವರೆಗೂ ನಾನು ಗಮನಿಸಿರಲಿಲ್ಲ. ನಮ್ಮ ಕತೆಗಳಲ್ಲೆಲ್ಲ ಒಂದು ಪರೀಕ್ಷೆ ಬಚ್ಚಿಟ್ಟುಕೊಂಡಿತ್ತು. ಕುಂಟ, ಕುಳ್ಳ, ಕಪ್ಪಗಿರುವುದು, ಸೊಟ್ಟಗಿರುವುದು ಯಾವುದೇ ಆಗಲಿ, ಏನಾದರೂ ಉಪಕಾರ ಮಾಡಿ ತೇರ್ಗಡೆಯಾದ ಮೇಲೆಯೇ ಅದನ್ನು ಹತ್ತಿರ ಸೇರಿಸುತ್ತಿದ್ದೆವು. ಈ ಮಾತು ಆಗಲೇ ಹೊಳೆಯಿತೋ, ಇಷ್ಟು ವರ್ಷ ಹೇಳಿ ಹೇಳಿ ಆಗಲೇ ಹೊಳೆದದ್ದೆಂದು ಅನ್ನಿಸುತ್ತದೆಯೋ ಗೊತ್ತಿಲ್ಲ. ಆ ಹಾಳೆಯನ್ನು ಮಡಿಚಿ ಜೇಬಿಗೆ ಹಾಕಿಕೊಂಡೆ ಎಂದು ಮಾತ್ರ ನೆನಪು. ಕಾಗದ ದಂಡ ಮಾಡುವಂತಿರಲಿಲ್ಲ, ಹಿಂಬದಿಯಲ್ಲಿ ಬರೆಯಬಹುದಿತ್ತು.

ಮೂರನೆಯ ಕತೆ ತುಂಬ ಸಣ್ಣದು. ಒಂಟಿ ಕಿವಿಯ ಕತ್ತೆ ಮರದ ನೆರಳಿಗೆ ಬರುತ್ತದೆ. ಅಲ್ಲಿ ಮಲಗಿದ್ದ ಒಂದು ಮುದಿ ಮೇಕೆ ಸ್ವಲ್ಪ ಸರಿದು ಜಾಗ ಕೊಡುತ್ತದೆ. ಮಾರನೆಯ ದಿನವೂ ಸರಿಯುತ್ತದೆ. "ನನಗ್ಯಾಕೆ ಜಾಗ ಕೊಡ್ತೀಯ? ನಾನು ನಿನಗೇನೂ ಮಾಡಿಲ್ಲವಲ್ಲ," ಎನ್ನುತ್ತದೆ ಕತ್ತೆ. "ನೀನು ಬರ್ತೀಯಲ್ಲ, ಅದಕ್ಕೆ," ಎನ್ನುತ್ತದೆ ಮೇಕೆ. ಎರಡೂ ಹುಲ್ಲು ತಿನ್ನುತ್ತವೆ.

"ಆಮೇಲೆ?" ಎಂದಳು ಜೆಸ್ಸಿ.

"ಆಮೇಲೆ ಏನಿಲ್ಲ. ಹುಲ್ಲು ತಿಂದ್ವು."

"ಎಷ್ಟೊತ್ತು?"

"ಸಾಯಂಕಾಲದವರೆಗೂ."

"ಪರ್ವಾಗಿಲ್ಲ," ಎಂದಳು. ನನ್ನ ಬರವಣಿಗೆಗೆ ಅದಕ್ಕಿಂತ ದೊಡ್ಡ ವಿಮರ್ಶೆ ಆಮೇಲೆ ಸಿಕ್ಕಿಲ್ಲ.

ನಂಜುಂಡಯ್ಯನವರಿಂದ ಸಿಕ್ಕಿದ್ದು ಬೇರೆ. ಪ್ರೂಫು ಓದಿ, ತಿರುಗಿಸಿ, ಹಿಂದೆ ಇನ್ನೇನಾದರೂ ಇದೆಯೇ ಎಂದು ನೋಡಿದರು.

"ಬಾರಪ್ಪಾ ಸೈಕಾಲಜಿ. ಈ ಕತ್ತೆ ಏನು ಸಾಧಿಸ್ತು?"

"ಏನೂ ಇಲ್ಲ ಸಾರ್."

"ಮೇಕೆ?"

"ಸ್ವಲ್ಪ ಸರೀತು ಸಾರ್."

"ಸರೀತು! ಸಾಬ್ರೇ, ನೀತಿ ತಟ್ಟೆ ತಗೊಂಡ್ಬನ್ನಿ."

ಕರೀಮ್ ಸಾಬರು ತಟ್ಟೆ ತಂದಿಟ್ಟರು. ನಂಜುಂಡಯ್ಯನವರು ಕನ್ನಡಕ ಏರಿಸಿ, ಸೀಸದ ತಿರುಗುಮುರುಗು ಅಕ್ಷರಗಳನ್ನು ಒಂದೊಂದಾಗಿ ಓದತೊಡಗಿದರು.

"ಕಷ್ಟಪಟ್ಟರೆ ಸುಖವುಂಟು."

"ಕಷ್ಟಪಡ್ಲಿಲ್ಲ ಸಾರ್."

"ಒಗ್ಗಟ್ಟಿನಲ್ಲಿ ಬಲವಿದೆ."

"ಇಬ್ಬರೂ ಬಲ ತೋರಿಸ್ಲಿಲ್ಲ ಸಾರ್."

"ಹಿರಿಯರ ಮಾತು ಕೇಳಬೇಕು."

"ಮೇಕೆ ಹಿರಿಯದು, ಆದ್ರೆ ಬುದ್ಧಿಮಾತು ಏನೂ ಹೇಳ್ಲಿಲ್ಲ ಸಾರ್."

"ಸೋಮಾರಿಗೆ ಸುಖವಿಲ್ಲ." ತಲೆಯೆತ್ತಿದರು. "ಇದು ಸರಿ. ದಿನಾ ಬಿದ್ಕೊಂಡು ಹುಲ್ಲು ತಿಂದ್ರೆ ಇದೇ."

ಬಂಡಲಿನ ಮೇಲಿನಿಂದ ದನಿ ಬಂತು. "ತಾತ, ಅದು ಬ್ಯಾಡ."

ನಂಜುಂಡಯ್ಯನವರು ಅತ್ತ ತಿರುಗಿದರು. ಜೆಸ್ಸಿಯ ಕನ್ನಡಕದ ಹಿಂದೆ ಬಿಳಿ ಪಟ್ಟಿ, ಅದರ ಪಕ್ಕದಲ್ಲಿ ಕಷ್ಟಪಟ್ಟು ತಮ್ಮನ್ನೇ ನೋಡುತ್ತಿದ್ದ ಒಂದು ಕಣ್ಣು. ಡಾಕ್ಟರು ಆ ಕಣ್ಣಿಗೆ ಏನೆಂದಿದ್ದರೆಂಬುದು ಕಚೇರಿಗೆಲ್ಲ ಗೊತ್ತಿತ್ತು. ಅವರು ಆ ನೀತಿಗೆ ಮತ್ತೆ ದಾರ ಸುತ್ತಿ ತಟ್ಟೆಯಲ್ಲಿಟ್ಟರು.

"ದರಿದ್ರ ಕತ್ತೆ, ಯಾವ ನೀತಿಗೂ ಬಗ್ಗಲ್ಲ," ಎಂದು ಗೊಣಗಿದರು. "ಖಾಲಿ ಚೌಕ ಇಟ್ಕೊಂಡು ಏನ್ ಮಾಡ್ಲಿ?"

"ಹುಲ್ಲು ಬರೀತೀನಿ ಸಾರ್," ಎಂದರು ಫಿಲೋಮಿನಾ. ಒಂದು ರಬ್ಬರಿನ ತುಂಡಿನಲ್ಲಿ ನಾಲ್ಕಾರು ಗರಿ ಹುಲ್ಲು ಕೆತ್ತಿ ಕೊಟ್ಟರು. ಆ ತಿಂಗಳು ನೀತಿಯ ಜಾಗದಲ್ಲಿ ಹುಲ್ಲು ಅಚ್ಚಾಯಿತು.

ಆಮೇಲಿನ ವರ್ಷಗಳಲ್ಲಿ ಮೊಳೆ ಹೋಗಿ ಆಫ್‌ಸೆಟ್ ಬಂತು, ಆಫ್‌ಸೆಟ್ ಜೊತೆಗೆ ಕಂಪ್ಯೂಟರ್ ಬಂತು. ಕಂಪ್ಯೂಟರಿನೊಳಗೆ ನೂರಾರು ಕತ್ತೆಗಳಿದ್ದವು. ಎಲ್ಲಕ್ಕೂ ಎರಡೆರಡು ಕಿವಿ, ಎಲ್ಲದರ ಮುಖದಲ್ಲೂ ನಗು. ಸೀಸವನ್ನೂ ಸತುವನ್ನೂ ಗುಜರಿಯವರು ಒಯ್ದ ದಿನ ನೀತಿಗಳೂ ಮೂಟೆಯಾಗಿ ಹೋದವು. ಫಿಲೋಮಿನಾ ಕತ್ತೆಯನ್ನು ಮಾತ್ರ ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಒಯ್ದರು.

ಹಾಗಾಗಿ ಕಾಫಿಗೆ ಹೋದ ದಿನ ಆ ಕತ್ತೆ ಅವರ ಮನೆಯ ಷೋಕೇಸಿನಲ್ಲಿತ್ತು. ಜೆಸ್ಸಿಯೂ ಇದ್ದಳು. ಈಗ ಅವಳಿಗೆ ಅಲ್ಲಲ್ಲಿ ನರೆಗೂದಲು. ಮಂಡಕಳ್ಳಿಯ ವಿಮಾನ ನಿಲ್ದಾಣದಲ್ಲಿ ಕೆಲಸ. "ನಿಮ್ಮೂರಲ್ಲಿ ಈಗ ಒಂದು ಕತ್ತೆನೂ ಇಲ್ಲ ಅಂಕಲ್," ಎಂದು ಸ್ವಾಗತಿಸಿದಳು.

ಫಿಲೋಮಿನಾ ಬ್ಲಾಕನ್ನು ನನ್ನ ಮುಂದೆ ಹಿಡಿದರು. "ನೋಡಿ, ಎಡಗಿವಿ." ನಿಜ, ಎಡಗಿವಿಯೇ ಇರಲಿಲ್ಲ. ನನ್ನ ಮುಖ ಇಳಿದದ್ದನ್ನು ಕಂಡು ಜೆಸ್ಸಿ ಒಳಗಿನಿಂದ ಸ್ಟಾಂಪ್ ಪ್ಯಾಡ್ ತಂದು, ಬ್ಲಾಕಿಗೆ ಮಸಿ ಹಚ್ಚಿ, ಹಳೆಯ ಕ್ಯಾಲೆಂಡರಿನ ಹಿಂದೆ ಒತ್ತಿದಳು. ಕಾಗದದ ಮೇಲೆ ಬಲಗಿವಿಯಿರಲಿಲ್ಲ. ಅಚ್ಚಿನಲ್ಲಿ ಎಲ್ಲವೂ ತಿರುಗಿ ಬೀಳುತ್ತದೆ ಎನ್ನುವುದನ್ನು ಅಚ್ಚುಕೂಟದಲ್ಲೇ ಮುದುಕರಾದ ನಾವಿಬ್ಬರೂ ಮರೆತು ಜಗಳವಾಡಿದ್ದೆವು. ಅವರು ನೋಡಿದ್ದು ಬ್ಲಾಕು, ನಾನು ನೋಡಿದ್ದು ಪುಟ.

"ಒಂದರಲ್ಲಿ ನಾನು ಪಾಸಾದೆ," ಎಂದೆ. "ಎರಡನೇದು ಹೇಳಿ."

"ನಿಮ್ಮ ಮೂರ್ನೇ ಕತೆ ಕೇಳಿ ಇವ್ಳು ಸ್ಕೂಲಿಗೆ ಹೋಗ್ಲಿಲ್ಲ ಶಿವಣ್ಣ. ಆ ಕಳ್ಳನ್ ಕತೆ ಓದಿದ್ರಲ್ಲ, ಅದರ ಮಾರ್ನೇ ದಿನಾನೇ ಹೋಗ್ಬುಟ್ಳು. ಮೂರ್ನೇದು ಬರಿಯೋ ಹೊತ್ಗೆ ದಿನಾ ಪಟ್ಟಿ ಕಟ್ಕೊಂಡ್ ಹೋಗ್ತಿದ್ಳು."

ಇಲ್ಲ ಎನ್ನಲು ಹೊರಟವನಿಗೆ ಪಟ್ಟಿ ನೆನಪಾಯಿತು. ಪ್ರೂಫಿನ ದಿನ ಅವಳ ಕಣ್ಣಿನ ಮೇಲೆ ಬಿಳಿ ಪಟ್ಟಿಯಿತ್ತು ಎಂದು ನಾನೇ ಎಲ್ಲ ಕಡೆಯೂ ಹೇಳಿಕೊಂಡು ಬಂದಿದ್ದೇನೆ. ಪಟ್ಟಿಯಿದ್ದರೆ ಹಟ ಆಗಲೇ ಮುಗಿದಿತ್ತು ಎಂದೇ ಅರ್ಥ. ನಾನೇ ಹೇಳುವ ಎರಡು ಸಂಗತಿಗಳು ಒಂದಕ್ಕೊಂದು ಕೂಡುವುದಿಲ್ಲ ಎನ್ನುವುದು, ಎಲ್ಲರನ್ನೂ ಅನುಮಾನಿಸುವ ನನಗೆ, ಇಷ್ಟು ವರ್ಷ ಕಾಣಿಸಿರಲಿಲ್ಲ.

"ಹಾಗಾದ್ರೆ ಮೇಕೆ ಜಾಗ ಬಿಟ್ಟಿದ್ದು..." ಎಂದೆ ಜೆಸ್ಸಿಯ ಕಡೆ ತಿರುಗಿ.

"ಮೇಕೆ ಇತ್ತಾ?" ಎಂದಳು.

"ಕತ್ತೆ ಆದ್ರೂ ನೆನಪಿದೆಯೇನಮ್ಮಾ?"

"ಷೋಕೇಸಲ್ಲಿ ಇದ್ಯಲ್ಲ ಅಂಕಲ್, ಅದಕ್ಕೆ ನೆನಪಿದೆ. ಕತೆ ಒಂದೂ ನೆನಪಿಲ್ಲ."

"ಮತ್ತೆ ಸ್ಕೂಲಿಗೆ ಯಾಕೆ ಹೋದೆ?"

"ದಿನಾ ನಿಮ್ ಕತೆ ಕೇಳೋದಕ್ಕಿಂತ ಸ್ಕೂಲೇ ವಾಸಿ ಅನ್ನಿಸಿರ್ಬೇಕು."

ತಾಯಿ ಮಗಳಿಬ್ಬರೂ ಕಾಫಿ ಲೋಟ ಕೆಳಗಿಟ್ಟು ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ. ನಗು ನಿಂತ ಮೇಲೆ ಜೆಸ್ಸಿ ಕನ್ನಡಕ ತೆಗೆದು ಒರೆಸಿಕೊಂಡಳು.

"ಒಂದು ನೆನಪಿದೆ ಅಂಕಲ್. ನಾನು ಚೆನ್ನಾಗಿಲ್ಲ ಅಂದೆ. ನೀವು ಬೈಲಿಲ್ಲ. ನೀನು ಹೇಳಿದ್ದು ಸರಿ ಅಂದು ಹಾಳೆನ ಪರ್ ಅಂತ ಹರಿದು ಹಾಕಿದ್ರಿ. ಆಗ ಎಲ್ರೂ ನನ್ ಕಣ್ಣನ್ನೇ ನೋಡ್ತಿದ್ರು, ನಾನ್ ಏನ್ ಹೇಳ್ತೀನಿ ಅಂತ ಯಾರೂ ಕೇಳ್ತಿರ್ಲಿಲ್ಲ. ಮಾರ್ನೇ ದಿನ ಪಟ್ಟಿ ಕಟ್ಕೊಂಡೇ ಹೋದೆ. ಒಕ್ಕಣ್ಣಿ ಅಂದ್ರು. ಅನ್ಕೊಳ್ರೋ, ನಾನ್ ಹೇಳಿದ್ರೆ ಬುಕ್ ಬರಿಯೋರೇ ಹರಿದಾಕ್ತಾರೆ, ಗೊತ್ತಾ ಅಂದೆ."

ನಾನು ಹರಿದಿರಲಿಲ್ಲ. ಮಡಿಚಿ ಜೇಬಿಗೆ ಹಾಕಿಕೊಂಡಿದ್ದೆ. ನಂಜುಂಡಯ್ಯನವರ ಕಚೇರಿಯಲ್ಲಿ ಕಾಗದ ಹರಿದವನು ಉಳಿಯುತ್ತಿರಲಿಲ್ಲ. ಆದರೆ ಬ್ಲಾಕಿನಲ್ಲಿ ಮಡಿಚಿದ್ದು ಪುಟದಲ್ಲಿ ಹರಿದದ್ದಾಗಿ ಬಿತ್ತೋ ಏನೋ, ಯಾರು ಹೇಳಬೇಕು? ಜೀವಮಾನದಲ್ಲಿ ಮೊದಲ ಸಲ ನಾನು ಒಬ್ಬರ ನೆನಪಿನ ಮೇಲೆ ಅನುಮಾನ ಎತ್ತದೆ ಕಾಫಿ ಕುಡಿದು ಮುಗಿಸಿದೆ.

ಶಿಬಿರದ ಆ ಹುಡುಗಿಗೆಂದು ಬರೆದ ಈ ಬರಹವನ್ನು ಅಚ್ಚಿಗೆ ಕೊಡುವ ಮುಂಚೆ ಜೆಸ್ಸಿಗೆ ಓದಲು ಕೊಟ್ಟೆ. ಎರಡು ದಿನ ಬಿಟ್ಟು ಫೋನ್ ಮಾಡಿದಳು.

"ಎಲ್ಲಾ ಪರ್ವಾಗಿಲ್ಲ ಅಂಕಲ್. ಕೊನೇ ಪ್ಯಾರಾ ಮಾತ್ರ ಬ್ಯಾಡ. ಅಲ್ಲಿ ನೀತಿ ಬಂದ್ಬುಡ್ತು."

ಅದು ನಾನು ಬಹಳ ತಿದ್ದಿ ತೀಡಿ ಬರೆದಿದ್ದ ಪ್ಯಾರಾ. ಆತ್ಮಗೌರವ ಎಂಬ ಮಾತು ಅದರಲ್ಲಿ ಎರಡು ಕಡೆ ಬರುತ್ತಿತ್ತು. ಕೊನೆಯಲ್ಲಿ ಮಳೆಯೂ ಇತ್ತು.

"ನೀನು ಹೇಳಿದ್ದು ಸರಿ," ಎಂದೆ. ಅವಳಿಗೆ ಕೇಳಿಸಲಿ ಎಂದು ಹಾಳೆಯನ್ನು ಫೋನಿನ ಹತ್ತಿರ ಹಿಡಿದು ಹರಿದೆ. ಆ ಜಾಗದಲ್ಲಿ ಸ್ವಲ್ಪ ಹುಲ್ಲಿದೆ ಅಂದುಕೊಳ್ಳಿ.